ಗೇಟಿನಲ್ಲೇ ಉಳಿದ ಹಾಲಿನ ಚೀಲ

2020ರ ಮಾರ್ಚ್ ಕೊನೆಯ ವಾರದವರೆಗೆ ನಮ್ಮ ಬೀದಿಯ ಮೇಷ್ಟ್ರ ದಿನ ಶುರುವಾಗುತ್ತಿದ್ದದ್ದು ಬೆಳಗ್ಗೆ ಆರಕ್ಕೆ, ಹಾಲಿನ ಹುಡುಗ ಬೆಲ್ ಒತ್ತಿದಾಗ. ಎರಡು ನೀಲಿ ಪ್ಯಾಕೆಟ್ ಕೈಗೆ ಕೊಡುವಷ್ಟರಲ್ಲಿ ಎರಡು ನಿಮಿಷ ಮಾತು. ಹುಡುಗನ ಪಿಯುಸಿ ಎಲ್ಲಿಗೆ ಬಂತು, ನಿನ್ನೆಯ ಮಳೆಗೆ ಎಲ್ಲಿ ಮರ ಬಿತ್ತು, ಮೂಲೆಮನೆಯವರು ಬೀಗ ಹಾಕಿಕೊಂಡು ಹೋಗಿದ್ದು ಯಾವ ಊರಿಗೆ. ಲಾಕ್‌ಡೌನ್ ಬಂದ ಮೇಲೆ ಯಾರೂ ಯಾರ ಬೆಲ್ಲನ್ನೂ ಮುಟ್ಟಬಾರದು ಎಂದಾಯಿತು. ಮೇಷ್ಟ್ರು ಗೇಟಿನ ಕೊಂಡಿಗೆ ಒಂದು ಬಟ್ಟೆ ಚೀಲ ತೂಗುಹಾಕಿದರು. ಹುಡುಗ ಅದರಲ್ಲಿ ಪ್ಯಾಕೆಟ್ ಹಾಕಿ ಹೊರಟುಬಿಡುತ್ತಿದ್ದ. ಅವನ ಗಾಡಿಯ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಇವರು ಹೊರಬಂದು, ಪ್ಯಾಕೆಟ್ಟನ್ನು ಸೋಪಿನ ನೀರಲ್ಲಿ ತೊಳೆದು, ಒಳಗೆ ಹೋಗುತ್ತಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗ ಅಮೆರಿಕದಲ್ಲಿ.

ಏಪ್ರಿಲ್ ನಡುವಿನ ಒಂದು ಸಂಜೆ ಕಾಂಪೌಂಡಿನ ಈಚೆ ನಿಂತು ಮಾತಾಡಿಸಿದೆ. ಅವರು ಬಾಯಿ ತೆರೆದರು, ಮೊದಲ ಎರಡು ಮಾತು ಹೊರಡಲೇ ಇಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಕೆಮ್ಮಿದ್ದಕ್ಕೆ ತಾವೇ ಗಾಬರಿಯಾಗಿ ಕೈಯಾಡಿಸಿದರು. "ಅದೇನಲ್ಲ ಕಣಪ್ಪ, ಕೊರೊನಾ ಅಲ್ಲ. ಬೆಳಗ್ಗಿಂದ ಇದೇ ಮೊದಲ ಮಾತು."

ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದ ಗಂಟಲು ಅದು.

ಆಗ ಯಾರಿಗೆ ಫೋನು ಮಾಡಿದರೂ ಮೊದಲು ಕೊರೊನಾ ಕಾಲರ್ ಟ್ಯೂನಿನ ಕೆಮ್ಮು, ಆಮೇಲೆ ಉಪದೇಶ, ಕೊನೆಗೆ ಬೇಕಾದವರ ದನಿ. ಆ ದಿನಗಳ ಉಪದೇಶಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ ಎರಡು ಪದ 'ಸಾಮಾಜಿಕ ಅಂತರ'. ಇದು ತಪ್ಪು ಮಾತು ಎಂದು ವಿಶ್ವ ಆರೋಗ್ಯ ಸಂಸ್ಥೆಗೆ ಬೇಗನೆ ಹೊಳೆದಿತ್ತು. ಕಾಯಿಲೆ ತಡೆಯಲು ಬೇಕಾದದ್ದು ದೇಹದೇಹಗಳ ನಡುವಿನ ಅಂತರ, ಮನುಷ್ಯ ಸಂಬಂಧ ಕಡಿದುಕೊಳ್ಳುವುದಲ್ಲ ಎಂದು 2020ರ ಮಾರ್ಚ್ 20ರಂದೇ ಅದು ಹೇಳಿ, 'ದೈಹಿಕ ಅಂತರ' ಎಂಬ ಮಾತಿಗೆ ಬದಲಾಯಿಸಿಕೊಂಡಿತು. ನಮ್ಮಲ್ಲಿ ಮಾತ್ರ ಹಳೆಯ ಪದವೇ ಗೋಡೆ, ಬಸ್ಸು, ಬ್ಯಾಂಕಿನ ನೆಲದ ಮೇಲಿನ ಬಿಳಿ ವೃತ್ತ, ಎಲ್ಲದರ ಮೇಲೂ ಕೂತಿತು. ಸಾಮಾಜಿಕ ಅಂತರವನ್ನು ಯಾವ ವೈರಸ್ಸೂ ಬಂದು ಕಲಿಸಬೇಕಾಗಿಲ್ಲದ ಸಮಾಜ ನಮ್ಮದು. ಆ ಪದ ಅಷ್ಟು ಸಲೀಸಾಗಿ ನಾಲಿಗೆಗೆ ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪದದ ಬಗ್ಗೆ ಇಷ್ಟು ತಕರಾರು ಯಾಕೆಂದರೆ, ಇಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಏಕಾಂತ ನಾವು ಬಯಸಿ ಹುಡುಕಿಕೊಂಡು ಹೋಗುವಂಥದ್ದು. ಒಂಟಿತನ ಬೇಡವೆಂದರೂ ಬಂದು ಮೈಮೇಲೆ ಬೀಳುವಂಥದ್ದು. ಅದು ಒಳಗಿನ ಭಾವ, ತುಂಬಿದ ಮದುವೆ ಮನೆಯಲ್ಲೂ ಇರಬಹುದು. ಮೂರನೆಯದು ಒಡನಾಟದ ಅಭಾವ. ವಾರದಲ್ಲಿ ಎಷ್ಟು ಜನರ ಮುಖ ನೋಡಿದಿರಿ, ಎಷ್ಟು ಜನರ ಜತೆ ಮಾತಾಡಿದಿರಿ ಎಂದು ಲೆಕ್ಕ ಹಾಕಿ ಹೇಳಬಹುದಾದದ್ದು. ವಿಜ್ಞಾನಿಗಳು ಕೊನೆಯ ಎರಡನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಭಾವವನ್ನು ಅಳೆಯಲು ಮೂರೇ ಪ್ರಶ್ನೆಗಳ ಒಂದು ಮಾಪಕವಿದೆ: ಜತೆ ಇಲ್ಲ ಅನಿಸುತ್ತದೆಯೆ, ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನಿಸುತ್ತದೆಯೆ, ಎಲ್ಲರಿಂದ ದೂರವಾಗಿದ್ದೇನೆ ಅನಿಸುತ್ತದೆಯೆ. ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ್ಗೆ: ಇದರಲ್ಲೊಂದು ಉತ್ತರ. ಒಂದು ನಿಮಿಷವೂ ಬೇಡ. ಈ ಮೂರು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಒಂಟಿತನ ಮನಸ್ಸಿನ ವಿಷಯ, ಅದಕ್ಕೂ ಮೈಗೂ ಏನು ಸಂಬಂಧ ಎನ್ನುವವರಿಗೆ ನಾನು ಹೇಳುವುದು ಮೂಗಿಗೆ ವೈರಸ್ ಬಿಟ್ಟ ಪ್ರಯೋಗದ ಕಥೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಜತೆಗಾರರು 18ರಿಂದ 55 ವರ್ಷದೊಳಗಿನ 276 ಆರೋಗ್ಯವಂತರನ್ನು ಒಪ್ಪಿಸಿ ಕರೆತಂದರು. ಹೆಂಡತಿ ಅಥವಾ ಗಂಡ, ಅಪ್ಪ ಅಮ್ಮ, ಮಕ್ಕಳು, ಬೀಗರ ಕಡೆಯವರು, ನೆರೆಯವರು, ಗೆಳೆಯರು, ಜತೆ ಕೆಲಸ ಮಾಡುವವರು, ದೇವಸ್ಥಾನ ಚರ್ಚುಗಳ ಬಳಗ, ಹೀಗೆ 12 ಬಗೆಯ ಸಂಬಂಧಗಳ ಪಟ್ಟಿ ಇಟ್ಟುಕೊಂಡು, ಎರಡು ವಾರಕ್ಕೊಮ್ಮೆಯಾದರೂ ಇವರಲ್ಲಿ ಯಾವ ಯಾವ ಬಗೆಯವರ ಜತೆ ಮಾತಾಡುತ್ತೀರಿ ಎಂದು ಕೇಳಿ ಬರೆದುಕೊಂಡರು. ಆಮೇಲೆ ಎಲ್ಲರ ಮೂಗಿಗೂ ನೆಗಡಿಯ ವೈರಸ್ ಇದ್ದ ಹನಿ ಬಿಟ್ಟು, ಪ್ರತ್ಯೇಕವಾಗಿ ಇರಿಸಿದರು. ಯಾರಿಗೆ ಎಷ್ಟು ನೆಗಡಿಯಾಯಿತು ಎಂದು ತಿಳಿಯಲು ಮೂಗು ಒರೆಸಿದ ಕಾಗದವನ್ನೂ ತೂಕ ಮಾಡಿದರು. ವಿಜ್ಞಾನದ ದುಡಿಮೆಯಲ್ಲಿ ಇಂಥವೂ ಇರುತ್ತವೆ.

1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಎಲ್ಲರಿಗೂ ನೆಗಡಿಯ ವೈರಸ್, ಒಂದೇ ರೀತಿಯ ಹನಿ. ಆದರೂ ಆರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸಂಬಂಧ ಇದ್ದವರಿಗೆ ಹೋಲಿಸಿದರೆ, ಮೂರು ಅಥವಾ ಕಡಿಮೆ ಬಗೆ ಇದ್ದವರಿಗೆ ನೆಗಡಿ ಹಿಡಿಯುವ ಅಪಾಯ 4.2 ಪಟ್ಟು. ಸಿಗರೇಟು, ನಿದ್ದೆ, ವ್ಯಾಯಾಮಗಳ ವ್ಯತ್ಯಾಸ ಕಳೆದು ನೋಡಿದರೂ ಅಂತರ ಅಳಿಯಲಿಲ್ಲ. ಗಮನಿಸಬೇಕಾದದ್ದು 'ಬಗೆ' ಎಂಬ ಮಾತು. ಹತ್ತು ಗೆಳೆಯರಿದ್ದು ಬೇರೇನೂ ಇಲ್ಲದಿದ್ದರೆ ಅದು ಒಂದೇ ಬಗೆ. ಹಾಲಿನ ಹುಡುಗ ಕೋಹೆನ್ ಪಟ್ಟಿಯಲ್ಲಿ ಇರಲಿಲ್ಲ, ನಿಜ. ಆದರೆ ಅಂಥವರ ಲೆಕ್ಕವನ್ನು ಬೇರೆಯವರು ಹಾಕಿದ್ದಾರೆ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ತೋರಿಸಿದಂತೆ, ಮುಖಪರಿಚಯ ಮಾತ್ರ ಇರುವವರ ಜತೆ ಎಂದಿಗಿಂತ ಹೆಚ್ಚು ಮಾತು ನಡೆದ ದಿನ ಜನ ಹೆಚ್ಚು ಖುಷಿಯಾಗಿರುತ್ತಾರೆ. ಲಾಕ್‌ಡೌನ್ ಮೊದಲು ಕತ್ತರಿಸಿದ್ದು ಇದೇ ಎಳೆಗಳನ್ನು. ಮೇಷ್ಟ್ರಿಗೆ ಮಗನ ವಿಡಿಯೋ ಕಾಲ್ ವಾರಕ್ಕೆರಡು ಸಲ ಬರುತ್ತಲೇ ಇತ್ತು. ಕ್ಷೌರದ ಅಂಗಡಿ, ಲೈಬ್ರರಿಯ ಪೇಪರ್ ಮೇಜು, ಪಾರ್ಕಿನ ಕಲ್ಲುಬೆಂಚು, ಪೆನ್ಷನ್ ದಿನದ ಬ್ಯಾಂಕಿನ ಸಾಲು ಇಲ್ಲವಾದವು.

ಕೋಹೆನ್ ತಂಡದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡುತ್ತದೆ. ಕಾಲೇಜಿಗೆ ಹೊಸದಾಗಿ ಸೇರಿದ 83 ವಿದ್ಯಾರ್ಥಿಗಳಿಗೆ ಫ್ಲೂ ಲಸಿಕೆ ಹಾಕಿ ಪ್ರತಿಕಾಯಗಳನ್ನು ಅಳೆದರು. ಒಂಟಿತನ ಹೆಚ್ಚಿದ್ದ, ಒಡನಾಟದ ಬಳಗ ಚಿಕ್ಕದಿದ್ದ ಹುಡುಗ ಹುಡುಗಿಯರಲ್ಲಿ ಲಸಿಕೆಯ ಒಂದು ಘಟಕಕ್ಕೆ ಹುಟ್ಟಿದ ಪ್ರತಿಕಾಯ ಕಡಿಮೆ. 2005ರ ಸಣ್ಣ ಅಧ್ಯಯನ, ಅದರ ಮೇಲೆ ಮಹಡಿ ಕಟ್ಟಬಾರದು. ಆದರೂ ಯೋಚಿಸಿ: ವೈರಸ್ಸಿನಿಂದ ಕಾಪಾಡಲು ಜನರನ್ನು ಒಂಟಿ ಮಾಡುತ್ತೇವೆ, ಆಮೇಲೆ ಲಸಿಕೆ ತರುತ್ತೇವೆ. ಒಂಟಿತನ ಆ ಲಸಿಕೆಯ ಬಲವನ್ನೇ ಒಂದಿಷ್ಟು ತಿನ್ನುವುದಾದರೆ?

ಹೀಗೇಕಾಗುತ್ತದೆ ಎಂಬುದಕ್ಕೆ ಸುಳಿವು ಕೊಟ್ಟವರು ಲಾಸ್ ಏಂಜಲೀಸಿನ ಸ್ಟೀವ್ ಕೋಲ್ ಮತ್ತು ಶಿಕಾಗೊದ ಜಾನ್ ಕಾಚಿಯೊಪ್ಪೊ. 2018ರಲ್ಲಿ ತೀರಿಕೊಂಡ ಕಾಚಿಯೊಪ್ಪೊ ಈ ವಿಷಯಕ್ಕೆ ಪ್ರಯೋಗಶಾಲೆಯ ಶಿಸ್ತು ತಂದವರು. 2007ರಲ್ಲಿ ಈ ಇಬ್ಬರ ತಂಡ ನೋಡಿದ್ದು ಬರೀ 14 ಮಂದಿಯ ಬಿಳಿ ರಕ್ತಕಣಗಳನ್ನು. ದೀರ್ಘಕಾಲದಿಂದ ಒಂಟಿಯೆನಿಸಿಕೊಂಡವರ ಜೀವಕೋಶಗಳಲ್ಲಿ 209 ಜೀನ್‌ಗಳು ಬೇರೆ ರೀತಿ ವರ್ತಿಸುತ್ತಿದ್ದವು. ಉರಿಯೂತ ಹುಟ್ಟಿಸುವ ಜೀನ್‌ಗಳ ಸದ್ದು ಜೋರಾಗಿತ್ತು, ವೈರಸ್ಸಿನ ಎದುರು ನಿಲ್ಲುವ ಇಂಟರ್‌ಫೆರಾನ್ ವ್ಯವಸ್ಥೆಯ ಸದ್ದು ಅಡಗಿತ್ತು. ಮುಂದೆ ಹೆಚ್ಚು ಜನರಲ್ಲೂ ಒಂಟಿ ಕೋತಿಗಳಲ್ಲೂ ಇದೇ ಮಾದರಿ ಕಂಡಿತು. ಅವರ ಊಹೆ ಹೀಗೆ: ಹಿಂಡಿನ ನಡುವೆ ಇರುವ ಪ್ರಾಣಿಗೆ ಭಯ ಒಬ್ಬರಿಂದೊಬ್ಬರಿಗೆ ಹರಡುವ ವೈರಸ್ಸಿನದು. ಹಿಂಡು ತಪ್ಪಿದ ಪ್ರಾಣಿಗೆ ಭಯ ಹಲ್ಲು ಉಗುರುಗಳದು, ಗಾಯ ಕೀವಾಗುವುದರದು. ಹಾಗಾಗಿ ಒಂಟಿಯಾದ ದೇಹ ಗಾಯಕ್ಕೆ ಸಿದ್ಧವಾಗುತ್ತದೆ, ಉರಿಯೂತವನ್ನು ಹೊತ್ತಿಸಿಟ್ಟುಕೊಳ್ಳುತ್ತದೆ. ನಾಲ್ಕು ದಿನವಾದರೆ ಅಡ್ಡಿಯಿಲ್ಲ. ವರ್ಷಗಟ್ಟಲೆ ಹೊತ್ತಿಕೊಂಡೇ ಇದ್ದರೆ ರಕ್ತನಾಳಗಳ ಒಳಗೋಡೆ ಕೆಡುತ್ತದೆ. ಒಂಟಿತನ ಇಲ್ಲವೇ ಒಡನಾಟದ ಅಭಾವ ಇದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32 ಹೆಚ್ಚು ಎಂದು 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಕಂಡುಕೊಂಡ ಅಂಕಿಗೂ ಇದಕ್ಕೂ ತಾಳೆಯಾಗುತ್ತದೆ.

ಸಾವಿನ ಲೆಕ್ಕ ಇನ್ನೂ ಹಳೆಯದು. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಸುಮಾರು 7 ಸಾವಿರ ಜನರನ್ನು ಒಂಬತ್ತು ವರ್ಷ ಹಿಂಬಾಲಿಸಿದ ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್, ಸಂಬಂಧಗಳ ಬಲೆ ತೆಳುವಾಗಿದ್ದವರು ಬೇಗ ಸಾಯುತ್ತಾರೆ ಎಂದು 1979ರಲ್ಲೇ ತೋರಿಸಿದ್ದರು. 2010ರಲ್ಲಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಇಂಥ 148 ಅಧ್ಯಯನಗಳನ್ನು, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಂದೆಡೆ ತಂದರು. ಸಂಬಂಧ ಗಟ್ಟಿ ಇದ್ದವರು ಬದುಕುಳಿಯುವ ಸಾಧ್ಯತೆ ಶೇ. 50 ಹೆಚ್ಚು. 'ಒಂಟಿತನ ದಿನಕ್ಕೆ 15 ಸಿಗರೇಟಿಗೆ ಸಮ' ಎಂದು ವಾಟ್ಸಾಪಿನಲ್ಲಿ ಸುತ್ತುವ ಮಾತಿನ ಬೇರು ಇಲ್ಲೇ ಇದೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಸಿಗರೇಟು ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂದು ನಮಗೆ ಗೊತ್ತಿರುವಷ್ಟು ಖಚಿತವಾಗಿ ಒಂಟಿತನದ ದಾರಿ ಗೊತ್ತಿಲ್ಲ. ಕಾಯಿಲೆಯಿಂದಲೇ ಜನ ಒಂಟಿಯಾಗುವುದೂ ಉಂಟಲ್ಲ? 2013ರಲ್ಲಿ ಆಂಡ್ರ್ಯೂ ಸ್ಟೆಪ್ಟೋ ಇಂಗ್ಲೆಂಡಿನ 6,500 ಹಿರಿಯರ ಮಾಹಿತಿಯನ್ನು ಜರಡಿ ಹಿಡಿದಾಗ, ಮೊದಲೇ ಇದ್ದ ಕಾಯಿಲೆ ಮತ್ತಿತರ ಕಾರಣಗಳನ್ನು ಕಳೆದ ಮೇಲೆ ಒಂಟಿತನದ ಭಾವಕ್ಕೂ ಸಾವಿಗೂ ನೇರ ನಂಟು ಉಳಿಯಲಿಲ್ಲ. ಒಡನಾಟದ ಅಭಾವಕ್ಕೆ ಉಳಿಯಿತು. ಈ ತಗಾದೆ ಇನ್ನೂ ಮುಗಿದಿಲ್ಲ. ಆದರೆ ಒಂದಂತೂ ಸ್ಪಷ್ಟ, ಲಾಕ್‌ಡೌನ್ ಕಿತ್ತುಕೊಂಡದ್ದು ಎಣಿಸಬಹುದಾದ ಒಡನಾಟವನ್ನೇ.

ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ 2023ರ ಮೇ ತಿಂಗಳಲ್ಲಿ ಒಂಟಿತನವನ್ನೇ ಸಾಂಕ್ರಾಮಿಕವೆಂದು ಕರೆದು ದೇಶಕ್ಕೆ ಎಚ್ಚರಿಕೆಯ ಪತ್ರ ಹೊರಡಿಸಿದರು. ಅವರ ತಂದೆಯ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಈ ಸಂಗತಿ ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆಯ ಸುದ್ದಿಯಾಯಿತು, ಪತ್ರದೊಳಗಿನ ವಿಷಯ ಅಷ್ಟಾಗಿ ಆಗಲಿಲ್ಲ. ಅದಕ್ಕೆ ಕಾರಣವೂ ಇದೆ. 'ಅದೆಲ್ಲ ಅಮೆರಿಕದವರ ಕಾಯಿಲೆ, ನಮ್ಮಲ್ಲಿ ಮನೆ ತುಂಬ ಜನ' ಎಂದು ನಾವು ನಂಬಿದ್ದೇವೆ.

ಈ ನಂಬಿಕೆಗೆ ಎರಡು ಕಡೆಯಿಂದ ಪೆಟ್ಟು ಬಿದ್ದಿದೆ. ಅಮೆರಿಕದ ಸೌತ್ ಡಕೋಟದಲ್ಲಿ ಹಟರೈಟ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. ಹೊಲ ಸಾಮೂಹಿಕ, ಊಟ ಸಾಮೂಹಿಕ, ಆಸ್ತಿಯೂ ಸಾಮೂಹಿಕ. ನಮ್ಮ ಯಾವ ಕೂಡುಕುಟುಂಬಕ್ಕೂ ಇವರ ಎದುರು ಒಗ್ಗಟ್ಟಿನ ಜಂಬ ಕೊಚ್ಚಿಕೊಳ್ಳಲಾಗದು. ಅಲ್ಲಿನ 95 ಮಂದಿಯ ನಿದ್ದೆಯನ್ನು ಅಳೆದಾಗಲೂ, ಒಂಟಿತನದ ಅಂಕ ಹೆಚ್ಚಿದ್ದವರ ನಿದ್ದೆ ರಾತ್ರಿಯಲ್ಲಿ ಮತ್ತೆ ಮತ್ತೆ ತುಂಡಾಗುತ್ತಿತ್ತು. ಎರಡನೆಯ ಪೆಟ್ಟು ವಿಶ್ವ ಆರೋಗ್ಯ ಸಂಸ್ಥೆಯದು. ಒಂಟಿತನಕ್ಕೆ ಸಂಬಂಧಿಸಿ ವರ್ಷಕ್ಕೆ 8.71 ಲಕ್ಷ ಸಾವು ಎಂದು ಅಂದಾಜಿಸಿದ ಅದರ ಆಯೋಗ (ಮೂರ್ತಿಯವರೂ ಅದರ ಅಧ್ಯಕ್ಷರಲ್ಲೊಬ್ಬರು) 2025ರ ಜೂನ್ ವರದಿಯಲ್ಲಿ, ಶ್ರೀಮಂತ ದೇಶಗಳಲ್ಲಿ ಒಂಟಿತನ ಹೇಳಿಕೊಂಡವರು ಶೇ. 11ರಷ್ಟು, ಕಡಿಮೆ ಆದಾಯದ ದೇಶಗಳಲ್ಲಿ ಶೇ. 24ರಷ್ಟು ಎಂದಿತು. ಮನೆ ತುಂಬ ಜನ ಇರುವುದು ಬೇರೆ, ನನ್ನ ಮಾತು ಕೇಳುವವರು ಇರುವುದು ಬೇರೆ. ಮಗ ಸೊಸೆ ವರ್ಕ್ ಫ್ರಂ ಹೋಮಿನ ಮೀಟಿಂಗಿನಲ್ಲಿ, ಮೊಮ್ಮಕ್ಕಳು ಆನ್‌ಲೈನ್ ಪಾಠದಲ್ಲಿ, ಸದ್ದು ಮಾಡಬೇಡಿ ಎಂದು ಅಜ್ಜಿಗೆ ಕೈಸನ್ನೆ. ಎರಡು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ 2020ರ ಉದ್ದಕ್ಕೂ ನಡೆದದ್ದು ಇದು.

ಒಡನಾಟ ಎಷ್ಟು ಮೂಲಭೂತವಾದದ್ದು ಎಂದು ತಿಳಿಯಲು ಎಂಐಟಿಯ ಲಿವಿಯಾ ತೊಮೊವಾ ಮತ್ತು ರೆಬೆಕಾ ಸ್ಯಾಕ್ಸ್ 40 ಮಂದಿಯನ್ನು ಒಂದು ದಿನ 10 ಗಂಟೆ ಫೋನೂ ಇಲ್ಲದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿದರು, ಇನ್ನೊಂದು ದಿನ 10 ಗಂಟೆ ಉಪವಾಸ ಕೆಡವಿದರು. ಉಪವಾಸದ ಮೇಲೆ ಊಟದ ಚಿತ್ರ ಕಂಡಾಗ ನಡುಮಿದುಳಿನ ಯಾವ ಭಾಗ ಮಿಡಿಯಿತೋ, ಒಂಟಿತನದ ಮೇಲೆ ಜನ ಕೂಡಿ ನಗುತ್ತಿರುವ ಚಿತ್ರ ಕಂಡಾಗಲೂ ಅದೇ ಭಾಗ ಹಾಗೇ ಮಿಡಿಯಿತು. ಸಾಂಕ್ರಾಮಿಕಕ್ಕೆ ಮುಂಚೆ ನಡೆದ ಈ ಪ್ರಯೋಗ ಪ್ರಕಟವಾದದ್ದು 2020ರ ನವೆಂಬರಿನಲ್ಲಿ. ಜನ ಬೇಕೆನಿಸುವುದು ಹಸಿವು. ಲಾಕ್‌ಡೌನಿನಲ್ಲಿ ನಾವು ಅಕ್ಕಿ ಬೇಳೆ ಹಂಚಿದೆವು, ಹಂಚಲೇಬೇಕಿತ್ತು. ಈ ಹಸಿವಿಗೆ ಪಡಿತರ ಚೀಟಿ ಇರಲಿಲ್ಲ.

ಹಾಗಾದರೆ ಸಾಂಕ್ರಾಮಿಕದಲ್ಲಿ ಒಂಟಿತನ ಎಷ್ಟು ಏರಿತು? ಇಲ್ಲಿ ಪ್ರಾಮಾಣಿಕವಾಗಿರಬೇಕು. ಕೋವಿಡ್ ಮುಂಚಿನ ಮತ್ತು ನಂತರದ ಅಳತೆ ಎರಡೂ ಇರುವ 34 ಅಧ್ಯಯನಗಳನ್ನು ಕೂಡಿಸಿ ನೋಡಿದ 2022ರ ವಿಶ್ಲೇಷಣೆಯ ಪ್ರಕಾರ ಏರಿಕೆ ನಿಜ, ಆದರೆ ಸಣ್ಣದು. ಎಲ್ಲರೂ ಒಂಟಿತನದಲ್ಲಿ ಮುಳುಗಿಹೋದರು ಎಂಬ ಟಿವಿಯ ಮಾತು ಉತ್ಪ್ರೇಕ್ಷೆ. ಸರಾಸರಿಯ ಕಷ್ಟ ಏನೆಂದರೆ, ಮನೆಯವರ ಜತೆ ಹೆಚ್ಚು ಹೊತ್ತು ಸಿಕ್ಕಿತೆಂದು ಖುಷಿಪಟ್ಟವರೂ ಅದರಲ್ಲೇ ಇದ್ದಾರೆ, ಗಂಟಲು ಕಟ್ಟಿದ ಮೇಷ್ಟ್ರೂ ಅದರಲ್ಲೇ ಇದ್ದಾರೆ. ನದಿಯ ಸರಾಸರಿ ಆಳ ಮೊಣಕಾಲುದ್ದ ಎಂದು ಕೇಳಿ ಇಳಿದವನು ಮಡುವಿನಲ್ಲಿ ಮುಳುಗುತ್ತಾನೆ. ಹೊಡೆತ ಯಾರಿಗೆ ಬಿತ್ತು ಎಂಬುದು ಖಿನ್ನತೆಯ ಅಂಕಿಗಳಲ್ಲಿ ಹೆಚ್ಚು ಸ್ಪಷ್ಟ. 2021ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ತೀವ್ರ ಖಿನ್ನತೆಯ ಪ್ರಕರಣ ಸುಮಾರು 5.3 ಕೋಟಿ, ಆತಂಕದ ಕಾಯಿಲೆಯವು 7.6 ಕೋಟಿ ಹೆಚ್ಚಾದವು. ಹೆಂಗಸರಿಗೆ ಗಂಡಸರಿಗಿಂತ, ಎಳೆಯರಿಗೆ ಹಿರಿಯರಿಗಿಂತ ಹೆಚ್ಚು ಪೆಟ್ಟು.

ನನ್ನ ಭಯ ಆ ವರ್ಷದ್ದಲ್ಲ, ಮುಂದಿನದು. ಹಿಂದಿನ ಸಾಂಕ್ರಾಮಿಕಗಳು ಹೇಳುವಂತೆ ಇದರ ಬಡ್ಡಿ ನಿಧಾನವಾಗಿ ಏರುತ್ತದೆ. 2003ರ ಸಾರ್ಸ್ ಹೊತ್ತಿನಲ್ಲಿ ಟೊರೊಂಟೊದಲ್ಲಿ 15 ಸಾವಿರಕ್ಕೂ ಹೆಚ್ಚು ಜನ ಕ್ವಾರಂಟೈನಿನಲ್ಲಿದ್ದರು. ಅವರಲ್ಲಿ ಸಮೀಕ್ಷೆಗೆ ಉತ್ತರಿಸಿದ 129 ಮಂದಿಯ ಪೈಕಿ ಶೇ. 28.9 ಜನರಲ್ಲಿ ಆಘಾತೋತ್ತರ ಒತ್ತಡದ ಲಕ್ಷಣ, ಶೇ. 31.2 ಜನರಲ್ಲಿ ಖಿನ್ನತೆಯ ಲಕ್ಷಣ. ಒಳಗಿದ್ದ ದಿನ ಹೆಚ್ಚಾದಷ್ಟೂ ಹೆಚ್ಚು. ಅದೇ ವರ್ಷ ಹಾಂಗ್‌ಕಾಂಗಿನಲ್ಲಿ 65 ದಾಟಿದವರ ಆತ್ಮಹತ್ಯೆ ಏರಿತು. ಸಾರ್ಸ್ ಹೋಯಿತು, 2004ರಲ್ಲೂ ಆ ಪ್ರಮಾಣ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ವೈರಸ್ ಊರು ಬಿಟ್ಟ ಮೇಲೂ ಅದು ಕಡಿದ ಎಳೆಗಳು ತಾವಾಗಿ ಕೂಡಿಕೊಳ್ಳುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ದೂರ ಹೋಗುತ್ತದೆ. ಮಾರಿಯಾ ಲೋಡ್ಸ್ ಮತ್ತು ಜತೆಗಾರರು 2020ರಲ್ಲಿ 63 ಅಧ್ಯಯನಗಳನ್ನು ಪರಿಶೀಲಿಸಿ ಎರಡು ಮಾತು ಹೇಳಿದರು. ಒಂಟಿತನ ಅನುಭವಿಸಿದ ಎಳೆಯರಲ್ಲಿ ಖಿನ್ನತೆಯ ಅಪಾಯ 9 ವರ್ಷಗಳ ನಂತರವೂ ಕಾಣುತ್ತದೆ. ಒಂಟಿತನ ಎಷ್ಟು ತೀವ್ರ ಎಂಬುದಕ್ಕಿಂತ ಎಷ್ಟು ದಿನ ಎಂಬುದರ ಪರಿಣಾಮ ಹೆಚ್ಚು. ಕರ್ನಾಟಕದ ಪ್ರಾಥಮಿಕ ಶಾಲೆಗಳ 1ರಿಂದ 5ನೇ ತರಗತಿಗಳು 2020ರ ಮಾರ್ಚಿನಲ್ಲಿ ಮುಚ್ಚಿದವು, ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ನಡುವೆ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದ 'ವಿದ್ಯಾಗಮ' 2020ರ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಪಾಠ ಹಿಂದೆ ಬಿದ್ದದ್ದರ ಬಗ್ಗೆ ಸಮೀಕ್ಷೆ, ಚರ್ಚೆ, 'ಕಲಿಕಾ ಚೇತರಿಕೆ' ಎಲ್ಲ ಆದವು. ಕುಂಟೆಬಿಲ್ಲೆಯ ಜಗಳ ಆಡದೆ, ಟೂ ಬಿಟ್ಟು ಮತ್ತೆ ರಾಜಿಯಾಗುವುದು ಕಲಿಯದೆ ಏಳರಿಂದ ಒಂಬತ್ತಕ್ಕೆ ಜಿಗಿದ ಮಗುವಿನ ಕೊರತೆಯನ್ನು ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ. ಆ ಮಕ್ಕಳಿಗೆ ಈಗ ಹದಿಹರೆಯ. 2020ಕ್ಕೆ 9 ಕೂಡಿಸಿ ನೋಡಿ.

ಹಿರಿಯರ ಕಡೆ ಇನ್ನೊಂದು ಬಾಗಿಲಿದೆ. ಮರೆಗುಳಿತನದ ತಡೆಯಬಹುದಾದ ಕಾರಣಗಳನ್ನು ಪಟ್ಟಿಮಾಡಿದ ಲ್ಯಾನ್ಸೆಟ್ ಆಯೋಗ 2020ರಲ್ಲೂ 2024ರಲ್ಲೂ ಒಡನಾಟದ ಅಭಾವವನ್ನು ಅದರಲ್ಲಿ ಸೇರಿಸಿದೆ. 6 ಲಕ್ಷ ಜನರ ಮಾಹಿತಿ ಕೂಡಿಸಿದ 2024ರ ಇನ್ನೊಂದು ವಿಶ್ಲೇಷಣೆಯಲ್ಲಿ ಒಂಟಿತನ ಇದ್ದವರಿಗೆ ಡಿಮೆನ್ಷಿಯಾ ಅಪಾಯ ಶೇ. 31 ಹೆಚ್ಚು. ಈ ಕಾಯಿಲೆ ಮಿದುಳಿನಲ್ಲಿ ಬೇರೂರಿ ಹೊರಗೆ ಕಾಣಲು ವರ್ಷಗಳೇ ಬೇಕು. 2020ರಲ್ಲಿ ಅರವತ್ತೈದು ದಾಟಿದ್ದವರ ಲೆಕ್ಕ ನಮ್ಮ ಆಸ್ಪತ್ರೆಗಳಿಗೆ ಇನ್ನೂ ಪೂರ್ತಿ ಬಂದಿಲ್ಲ.

ಇದರಲ್ಲಿ ಎಷ್ಟೋ ಸಂಗತಿ ಆಗಲೇ ಗೊತ್ತಿದ್ದೂ 2020ರಲ್ಲಿ ನಾವೇನು ಮಾಡಿದೆವು? ಆಗ ವಿದೇಶದಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತಿದೆವು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದಂತೆ ಹೋಮ್ ಕ್ವಾರಂಟೈನಿನಲ್ಲಿದ್ದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್ ಮೂಲಕ ಕಳಿಸಬೇಕಿತ್ತು. ದಿನಕ್ಕೆ ಹದಿನೈದು ಸಲ ಸರ್ಕಾರ ಪ್ರತಿಯೊಬ್ಬರ ಮುಖ ನೋಡುವ ಏರ್ಪಾಡು! ಎಲ್ಲಿದ್ದೀರಿ ಎಂದು ಹದಿನೈದು ಸಲ ಕೇಳಿದ ಆ ಆ್ಯಪ್‌ಗೆ ಹೇಗಿದ್ದೀರಿ ಎಂದು ಒಂದು ಸಲ ಕೇಳಲು ಏನೂ ಖರ್ಚಿರಲಿಲ್ಲ. ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾಲಿಕೆಯ ಸಿಬ್ಬಂದಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡು ಹೊಡೆದರು. ಒಂದರಲ್ಲಿ ಇಬ್ಬರು ಪುಟ್ಟ ಮಕ್ಕಳ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಚಿತ್ರ ಹರಿದಾಡಿದ ಮೇಲೆ ತಗಡು ಕಿತ್ತರು, ಆಯುಕ್ತರು ಕ್ಷಮೆ ಕೇಳಿದರು. ಯಾರೋ ಕೆಳಗಿನ ನೌಕರರ ಅತ್ಯುತ್ಸಾಹ ಎಂದು ತಳ್ಳಿಹಾಕಬಹುದು. ನನಗೆ ಹಾಗನಿಸುವುದಿಲ್ಲ. ಬಾಗಿಲ ಹಿಂದಿರುವುದು ಸೋಂಕು, ಮನುಷ್ಯರಲ್ಲ ಎಂದು ಇಡೀ ವ್ಯವಸ್ಥೆ ಯೋಚಿಸುತ್ತಿದ್ದಾಗ ತಗಡು ಸಹಜವಾಗಿ ಕೈಗೆ ಬರುತ್ತದೆ.

ನಮ್ಮ ಹಿಂದಿನವರು ಪ್ಲೇಗಿಗೆ ಬೇರೆ ರೀತಿ ನಡೆದುಕೊಂಡಿದ್ದರು. ಇಲಿ ಬಿದ್ದರೆ ಊರಿಗೂರೇ ಹೊರಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಸಾಕ್ಷಿ. 1898ರ ಪ್ಲೇಗಿನ ನಂತರ ಬೆಂಗಳೂರಿಗೆ ಮಲ್ಲೇಶ್ವರ, ಬಸವನಗುಡಿಗಳು ಸಿಕ್ಕವು. ಆ ಕಾಲವನ್ನು ಹೊಗಳುತ್ತಿಲ್ಲ, ಸತ್ತವರ ಲೆಕ್ಕ ಭಯಂಕರ. ಆದರೆ ಅವರು ಕಾಯಿಲೆಯಿಂದ ದೂರ ಹೋದದ್ದು ಒಟ್ಟಾಗಿ.

ನಾವು ಸಾವಿನಲ್ಲೂ ಜನರನ್ನು ಒಂಟಿ ಮಾಡಿದೆವು. ಶವಸಂಸ್ಕಾರಕ್ಕೆ 20 ಜನರ ಮಿತಿ. ಕೋವಿಡ್ ಸಾವಾದರೆ ಪಿಪಿಇ ಕಿಟ್ ತೊಟ್ಟ ಅಪರಿಚಿತರು, ದೂರದಲ್ಲಿ ನಿಂತ ಮಗ. 2021ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ, ಯಾರೂ ಬಂದು ಕೇಳದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಸರ್ಕಾರವೇ ವಿಸರ್ಜಿಸಿತು. ಹನ್ನೊಂದು, ಹದಿಮೂರನೆಯ ದಿನಗಳ ಗದ್ದಲವನ್ನು ನಾನೂ ಗೇಲಿ ಮಾಡಿದವನೇ. ಹಾಲುತುಪ್ಪಕ್ಕೆ ಬಂದ ನೆಂಟರು ಒಲೆಯ ಮುಂದೆ ಕೂತು ಸತ್ತವರ ಸುದ್ದಿಯನ್ನು ಹತ್ತು ಸಲ ಹೇಳಿಸುತ್ತಾರಲ್ಲ, ದುಃಖ ಮಾತಾಗಿ ಹೊರಗೆ ಬರುವ ಕಾಲುವೆ ಅದು ಎಂದು ತಿಳಿದದ್ದು ಅದು ಮುಚ್ಚಿದಾಗ. ಅಮೆರಿಕದಲ್ಲಿ ಒಂದು ಕೋವಿಡ್ ಸಾವು ಸರಾಸರಿ 9 ಮಂದಿ ಹತ್ತಿರದವರನ್ನು ದುಃಖಕ್ಕೆ ದೂಡಿತು ಎಂದು 2020ರಲ್ಲಿ ಅಂದಾಜಿಸಿದ್ದರು. ಅಧಿಕೃತ ಲೆಕ್ಕದಲ್ಲೇ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕುಟುಂಬಗಳು ಅಲ್ಲಿಗಿಂತ ದೊಡ್ಡವು.

ಮತ್ತೊಂದು ಸಾಂಕ್ರಾಮಿಕ ಬರುತ್ತದೆ ಎಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. 2025ರ ಮೇ 20ರಂದು ದೇಶಗಳು ಸಾಂಕ್ರಾಮಿಕ ಒಪ್ಪಂದಕ್ಕೆ ಸಮ್ಮತಿ ಕೊಟ್ಟದ್ದೂ ಅದಕ್ಕಾಗಿಯೇ. ಸಿದ್ಧತೆ ಎಂದರೆ ನಮ್ಮಲ್ಲಿ ಇವತ್ತಿಗೂ ಹಾಸಿಗೆ, ಆಕ್ಸಿಜನ್, ವೆಂಟಿಲೇಟರ್. ಅವು ಬೇಕೇಬೇಕು, 2021ರ ಏಪ್ರಿಲ್ ಮೇ ತಿಂಗಳನ್ನು ಕಂಡವರು ಬೇಡ ಎನ್ನಲಾರರು. ಮನೆಯೊಳಗೆ ಕೂತವರನ್ನು ಕಾಪಾಡುವ ಉಪಾಯ ಇದಕ್ಕೆ ಹೋಲಿಸಿದರೆ ಪುಕ್ಕಟೆ, ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2020ರ ಬೇಸಿಗೆಯಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮನೆಗೆ ಊಟ ತರಿಸಿಕೊಳ್ಳುತ್ತಿದ್ದ 240 ಮಂದಿಯನ್ನು ಮಿನಿ ಕಾಲನ್ ಅವರ ತಂಡ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ನಾಲ್ಕು ವಾರ ಫೋನು. ಫೋನು ಮಾಡಿದವರು ವೈದ್ಯರಲ್ಲ, ಆಪ್ತಸಮಾಲೋಚಕರೂ ಅಲ್ಲ. 17ರಿಂದ 23 ವಯಸ್ಸಿನ 16 ಹುಡುಗ ಹುಡುಗಿಯರು. ಅವರಿಗೆ ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ, ಅವರು ಹೇಳುವುದನ್ನು ಕಿವಿಗೊಟ್ಟು ಕೇಳಿ. ಮೊದಲ ಐದು ದಿನ ದಿನಾ ಕರೆ, ಆಮೇಲೆ ಎಷ್ಟು ಸಲ ಬೇಕೆಂದು ಆ ಕಡೆಯವರೇ ಹೇಳಬೇಕು. ತಿಂಗಳು ಮುಗಿದಾಗ ಒಂಟಿತನ, ಖಿನ್ನತೆ, ಆತಂಕ ಮೂರೂ ಇಳಿದಿದ್ದವು.

ನಮಗೆ ಇದು ಅಸಾಧ್ಯವೇನಲ್ಲ. 2020ರಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಬಾಗಿಲಿಗೆ ಹೋಗಿ ಯಾರು ಹಿರಿಯರು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ ಎಂದು ಬರೆದುಕೊಂಡರು. ಸಿಗುತ್ತಿದ್ದ ಪುಡಿಗಾಸಿಗೆ, ಎಷ್ಟೋ ಕಡೆ ಬೈಗುಳ ತಿಂದು ಮಾಡಿದ ಕೆಲಸ ಅದು. ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿ ಎನ್ನುತ್ತಿಲ್ಲ. ಆ ನಮೂನೆಯಲ್ಲಿ 'ಮನೆಯಲ್ಲಿ ಒಬ್ಬರೇ ಇದ್ದಾರೆಯೇ' ಎಂಬ ಒಂದು ಕಾಲಂ, ಮೇಲೆ ಹೇಳಿದ ಒಂಟಿತನ ಅಳೆಯುವ ಮೂರು ಪ್ರಶ್ನೆ ಇದ್ದರೆ ಸಾಕು. ಆ ಪಟ್ಟಿಯ ಹಿಂದೆ ಫೋನು ಹಿಡಿದು ಕೂರಲು ಕಾಲೇಜು ಮುಚ್ಚಿ ಮನೆಯಲ್ಲಿರುವ ಎನ್‌ಎಸ್‌ಎಸ್ ಹುಡುಗರು. ಟೆಲಿ ಮಾನಸ್‌ನ 14416 ಸಂಖ್ಯೆ 2022ರ ಅಕ್ಟೋಬರಿನಿಂದ ಇದೆ, ನಿಮ್ಹಾನ್ಸ್ ಅದರ ಬೆನ್ನಿಗಿದೆ. ತೊಂದರೆಯಲ್ಲಿರುವವರು ಖಂಡಿತ ಕರೆಮಾಡಬೇಕು. ಆದರೆ ಅದು ನಾವು ಎತ್ತಿ ಒತ್ತಬೇಕಾದ ಸಂಖ್ಯೆ. ಮೇಷ್ಟ್ರಂಥವರು ಒತ್ತುವವರಲ್ಲ. "ನಂಗೇನಾಗಿದೆ?" ಎನ್ನುತ್ತಾರೆ.

ಈಗ ಮೇಷ್ಟ್ರಿಗೆ ಎಂಬತ್ತು ಸಮೀಪಿಸಿದೆ. ಹೆಸರುಗಳು ಜಾರುತ್ತಿವೆ. ಇದಕ್ಕೆ ಲಾಕ್‌ಡೌನೇ ಕಾರಣ ಎಂದು ನಾನು ಹೇಳಲಾರೆ, ಒಬ್ಬರ ಬದುಕು ಪುರಾವೆಯಾಗುವುದಿಲ್ಲ. ಹಾಲಿನ ಹುಡುಗ ಡಿಗ್ರಿ ಮುಗಿಸಿ ಹೋದ, ಬೇರೆಯವನು ಬಂದಿದ್ದಾನೆ. ಇವನಿಗೆ ಮೇಷ್ಟ್ರ ಮುಖ ಗೊತ್ತಿಲ್ಲ, ಚೀಲ ಗೊತ್ತು. ಮಾಸ್ಕು ಹೋಯಿತು, ನೆಲದ ಬಿಳಿ ವೃತ್ತ ಅಳಿಯಿತು, ಚೀಲ ಮಾತ್ರ ಗೇಟಿನಲ್ಲೇ ಇದೆ. ನಮ್ಮ ಬೀದಿಯ ಹದಿನಾಲ್ಕು ಗೇಟುಗಳಲ್ಲಿ ಒಂಬತ್ತಕ್ಕೆ ಈಗ ಅಂಥ ಚೀಲವಿದೆ, ಮೊನ್ನೆ ಎಣಿಸಿದೆ.

ಎಣಿಸಿದ ದಿನವೇ ಮೇಷ್ಟ್ರ ಗೇಟು ತೆರೆದು ಹೋಗಿ ಬೆಲ್ ಒತ್ತಿದೆ. ಸದ್ದಾಗಲಿಲ್ಲ. ಮತ್ತೆ ಒತ್ತಿದೆ. ಕೊನೆಗೆ ಬಾಗಿಲು ತಟ್ಟಿದೆ. ಬಂದು ತೆರೆದವರು ಬೆಲ್ ಕೆಟ್ಟಿದೆ ಮೇಷ್ಟ್ರೇ ಎಂದರೆ ನಂಬದೆ, ಹೊರಗೆ ಬಂದು ತಾವೇ ಒತ್ತಿ ನೋಡಿದರು. "ಯಾವಾಗ ಹೋಯ್ತೋ" ಎಂದರು.